ಜಪಾನಿಗೆ ಹೊರಡುವ ಮುಂಚೆ: ಯಾವ ಸ್ಕೆಚ್‌ಬುಕ್, ಯಾವ ಪೆನ್ನು, ಯಾವ ಬಣ್ಣ?

ಹೋದ ನವೆಂಬರಿನಲ್ಲಿ ನಾನೂ ತಂಗಿಯೂ 12 ದಿನ ಜಪಾನ್ ಸುತ್ತಿ ಬಂದೆವು. ಟೋಕಿಯೊ, ಕ್ಯೋಟೊ, ನಾರಾ, ಕೊನೆಗೆ ಮಿಯಾಜಿಮಾ ದ್ವೀಪ. ವಾಪಸ್ ಬಂದಾಗ ಚೀಲದಲ್ಲಿ ಪೂರ್ತಿ ತುಂಬಿದ ಒಂದು ಸ್ಕೆಚ್‌ಬುಕ್ ಇತ್ತು. ಅದರ ಮೊದಲ 14 ಪುಟಗಳಲ್ಲಿ ಜಪಾನೇ ಇಲ್ಲ. ಮೈಸೂರಿನ ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲು, ನಮ್ಮನೆಯ ಕಾಫಿ ಫಿಲ್ಟರ್, ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಾ ನಿಂತ ಜನ, ವೀಸಾಕ್ಕೆ ಕೊಡಬೇಕಿದ್ದ ದಿನದಿನದ ಪಟ್ಟಿ. ಆ 14 ಪುಟ ಇಲ್ಲದಿದ್ದರೆ ಉಳಿದವು ತುಂಬುತ್ತಿರಲಿಲ್ಲ. ಇದು ನನಗೆ ಖಾತ್ರಿ.

ಯಾಕೆಂದರೆ ಅದರ ಹಿಂದಿನ ಪ್ರವಾಸದಲ್ಲಿ ತುಂಬಿರಲಿಲ್ಲ. ವಿಯೆಟ್ನಾಮಿನ ಹೋಯಿ ಆನ್‌ಗೆ ಹೋಗುವಾಗ ಎ4 ಅಳತೆಯ, ದಪ್ಪ ಕಾಗದದ ದೊಡ್ಡ ಪುಸ್ತಕ ಕೊಂಡಿದ್ದೆ. ಕೊಂಡದ್ದು ಹೊರಡುವ ಹಿಂದಿನ ದಿನ. ಜೊತೆಗೆ 24 ಬಣ್ಣದ ಟ್ಯೂಬುಗಳು. ಹಳದಿ ಗೋಡೆಯ ಹಳೆಯ ಮನೆಗಳು, ಬೀದಿ ತುಂಬಾ ರೇಷ್ಮೆಯ ದೀಪಗಳು, ಬರೆಯೋದಕ್ಕೆ ಕಣ್ಣು ಹೋದಲ್ಲೆಲ್ಲ ಚಿತ್ರವಿತ್ತು. ಆದರೆ ಆ ಪುಸ್ತಕ ಬಿಚ್ಚಲು ಒಂದು ಮೇಜು ಬೇಕು, ಕೂರಲು ಕುರ್ಚಿ ಬೇಕು, ಪಕ್ಕದಲ್ಲಿ ನೀರಿನ ಲೋಟ ಬೇಕು. ಬೀದಿಯಲ್ಲಿ ಅದೆಲ್ಲ ಎಲ್ಲಿ? ಒಂದು ವಾರದಲ್ಲಿ ನಾಲ್ಕೇ ಪುಟ ಬರೆದೆ. ಅದರಲ್ಲೂ ಎರಡು ಪುಟದ ಜೆಲ್ ಪೆನ್ನಿನ ಗೆರೆಗಳು ಮಳೆಹನಿ ಬಿದ್ದು ಕದಡಿ ಹೋದವು. ಊರಿಗೆ ಬಂದ ಮೇಲೆ ಎಷ್ಟೋ ದಿನ ಆ ಪುಸ್ತಕ ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತಿತ್ತು.

ಹಾಗಾಗಿ ಜಪಾನ್ ಟಿಕೆಟ್ ಬುಕ್ ಆದ ದಿನವೇ ಒಂದು ಪರೀಕ್ಷೆ ಇಟ್ಟುಕೊಂಡೆ. ಯಾವುದೇ ಪುಸ್ತಕ, ಪೆನ್ನು, ಬಣ್ಣ ಇರಲಿ, ಹೆಗಲಲ್ಲಿ ಚೀಲ ಹಾಕಿಕೊಂಡೇ ನಿಂತು, 10 ನಿಮಿಷದಲ್ಲಿ ಒಂದು ಚಿತ್ರ ಮುಗಿಸಲು ಆಗಬೇಕು. ಆಯಿತೆಂದರೆ ಅದು ಜೊತೆಗೆ ಬರುತ್ತದೆ. ಆಗದಿದ್ದರೆ ಎಷ್ಟೇ ಒಳ್ಳೆಯದಾದರೂ ಮನೆಯಲ್ಲಿರಲಿ. ಕೆಳಗೆ ಹೋಲಿಸಿರುವುದೆಲ್ಲ ಈ ಪರೀಕ್ಷೆಯ ಲೆಕ್ಕದಲ್ಲೇ.

ಒಂದೇ ಪುಸ್ತಕವೋ, ಎರಡೋ?

ತಯಾರಿಗೆ ಒಂದು ನೋಟ್‌ಬುಕ್, ಪ್ರವಾಸಕ್ಕೆ ಇನ್ನೊಂದು ಚೆಂದದ ಸ್ಕೆಚ್‌ಬುಕ್. ತುಂಬಾ ಜನ ಹೀಗೆ ಮಾಡುತ್ತಾರೆ. ತಯಾರಿಯ ಪುಟಗಳಲ್ಲಿ ಹೋಟೆಲಿನ ಲೆಕ್ಕ, ಔಷಧಿ ಪಟ್ಟಿ, ಅಡ್ಡಾದಿಡ್ಡಿ ಗೀಚು ಎಲ್ಲ ಇರುತ್ತದೆ, ಅದು ಚಿತ್ರದ ಜೊತೆ ಬೆರೆಯಬಾರದು ಅನ್ನೋದು ಅವರ ಯೋಚನೆ. ನಾನು ಒಪ್ಪುವುದಿಲ್ಲ. ಹೊಸ ಪುಸ್ತಕದ ಮೊದಲ ಬಿಳಿ ಪುಟ ಭಯ ಹುಟ್ಟಿಸುತ್ತದೆ. ಆ ಭಯವನ್ನು ವಿಮಾನ ಇಳಿದ ಮೇಲೆ ಎದುರಿಸುವುದಕ್ಕಿಂತ ಮನೆಯಲ್ಲೇ ಮುಗಿಸಿಬಿಡುವುದು ಒಳ್ಳೆಯದು. ಅಕ್ಕಿ ತೊಳೆಯುವ ಪಾತ್ರೆ, ಚಪ್ಪಲಿ ಸ್ಟ್ಯಾಂಡು ಬರೆದ ಪುಸ್ತಕದಲ್ಲಿ ಆಮೇಲೆ ಏನು ಬರೆಯಲೂ ಕೈ ಹಿಂಜರಿಯುವುದಿಲ್ಲ.

ಜಪಾನಿನ ಪ್ರವಾಸಿ ವೀಸಾಕ್ಕೆ ಯಾವ ದಿನ ಎಲ್ಲಿರುತ್ತೀರಿ ಅಂತ ದಿನವಾರು ಪಟ್ಟಿ ಕೊಡಬೇಕು. ಅದನ್ನು ನಾನು ಮೊದಲು ಬರೆದದ್ದೇ ಸ್ಕೆಚ್‌ಬುಕ್ಕಿನಲ್ಲಿ. ಎದುರುಬದುರಿನ ಎರಡು ಪುಟಗಳಲ್ಲಿ 12 ಚೌಕ ಹಾಕಿ, ಒಂದೊಂದರಲ್ಲೂ ಊರಿನ ಹೆಸರು, ರೈಲು, ಒಂದು ಪುಟ್ಟ ಚಿತ್ರ. ಅರ್ಜಿ ತುಂಬುವಾಗ ಅದನ್ನೇ ನೋಡಿ ನಕಲು ಮಾಡಿದೆ. ಪ್ರವಾಸದಲ್ಲಿ ದಿನಾ ರಾತ್ರಿ ಅದೇ ಚೌಕಕ್ಕೆ ಬಣ್ಣ ತುಂಬುತ್ತಿದ್ದೆ.

ಪುಟದ ಲೆಕ್ಕ ಹೀಗೆ. 60 ಪುಟದ ಪುಸ್ತಕದಲ್ಲಿ 14 ಪುಟ ತಯಾರಿಗೆ ಹೋದರೆ 46 ಉಳಿಯುತ್ತದೆ. 12 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು ನಾಲ್ಕು ಪುಟ. ನಡೆದು ಸುಸ್ತಾದ ಮೇಲೂ ಇಷ್ಟು ಆಗುತ್ತದೆ. ನಿಮ್ಮದು ಮೂರು ವಾರದ ಪ್ರವಾಸವಾದರೆ ಆಗ ಎರಡು ಪುಸ್ತಕ ಇರಲಿ. ಆದರೆ ಮೊದಲನೆಯದು ಊರಲ್ಲೇ ಶುರುವಾಗಲಿ.

ಅಳತೆ ಮತ್ತು ಕಾಗದ

ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. ಜೆರಾಕ್ಸ್ ಕಾಗದ 70ರಿಂದ 80 ಜಿಎಸ್‌ಎಂ. ನೀರು ಹಾಕಿ ಬರೆಯುವ ಕಾಗದ 200ರಿಂದ 300. ಎ4 ಹಾಳೆ ಒಂದು ಚದರ ಮೀಟರಿನ 16ನೇ ಒಂದು ಭಾಗ. ಹಾಗಾಗಿ 300 ಜಿಎಸ್‌ಎಂನ ಒಂದು ಎ4 ಹಾಳೆ ಸುಮಾರು 19 ಗ್ರಾಂ. ಅಂಥ 30 ಹಾಳೆ ಸೇರಿದರೆ ಅರ್ಧ ಕಿಲೋಕ್ಕಿಂತ ಜಾಸ್ತಿ, ರಟ್ಟಿನ ತೂಕ ಬೇರೆ. ಅದೇ 200 ಜಿಎಸ್‌ಎಂನ ಎ5 ಹಾಳೆ ಸುಮಾರು 6 ಗ್ರಾಂ. 30 ಹಾಳೆಗೆ 190 ಗ್ರಾಂ ದಾಟುವುದಿಲ್ಲ. ಎಡಗೈಯಲ್ಲಿ ಹಿಡಿದು ನಿಂತಾಗ ಈ ವ್ಯತ್ಯಾಸ ಎರಡೇ ನಿಮಿಷದಲ್ಲಿ ಮಣಿಕಟ್ಟಿಗೆ ಗೊತ್ತಾಗುತ್ತದೆ.

ಎ6 ಅಂದರೆ 105 ಗುಣಿಸು 148 ಮಿಲಿಮೀಟರ್. ಜೇಬಿಗೆ ಹೋಗುತ್ತದೆ, ರೈಲಿನಲ್ಲಿ ಯಾರಿಗೂ ಕಾಣದ ಹಾಗೆ ಬರೆಯಬಹುದು. ಮೊದಲ ಸಲ ಹೊರಡುವವರಿಗೆ, ಮಕ್ಕಳ ಜೊತೆ ಹೋಗುವವರಿಗೆ ಇದೇ ಸರಿ. ಆದರೆ ಚಿತ್ರದ ಪಕ್ಕ ನಾಲ್ಕು ಸಾಲು ಬರೆಯಬೇಕೆಂದರೆ ಜಾಗ ಸಾಲದು. ಅದರಲ್ಲೂ ನಮ್ಮದು ಕನ್ನಡ ಅಕ್ಷರ. ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇಳುತ್ತದೆ. ಇಂಗ್ಲಿಷಿನಲ್ಲಿ ಬರೆಯುವವರು ಬಿಡುವಷ್ಟೇ ಅಂತರ ಬಿಟ್ಟರೆ ಸಾಲುಗಳು ಒಂದರ ಮೇಲೊಂದು ಬೀಳುತ್ತವೆ. ನನ್ನ ಕೈಬರಹಕ್ಕೆ ಸಾಲಿನ ನಡುವೆ 8 ಮಿಲಿಮೀಟರ್ ಬೇಕೇ ಬೇಕು. ಹಾಗಾಗಿ ನನ್ನ ಆಯ್ಕೆ ಎ5. ಅದು 148 ಗುಣಿಸು 210 ಮಿಲಿಮೀಟರ್, ಎರಡು ಪುಟ ಬಿಚ್ಚಿದರೆ ಎ4 ಆಗುತ್ತದೆ. ದೊಡ್ಡ ದೃಶ್ಯಕ್ಕೆ ಬೇಕಾದ ಜಾಗ ಅಲ್ಲೇ ಸಿಕ್ಕಿತಲ್ಲ!

ಕಾಗದದಲ್ಲಿ ನಾನು ಮೂರು ಬಗೆ ಹೋಲಿಸಿ ನೋಡಿದೆ. 150 ಜಿಎಸ್‌ಎಂ ಆಸುಪಾಸಿನ ಕಾಗದದಲ್ಲಿ ಪೆನ್ನು ಚೆನ್ನಾಗಿ ಓಡುತ್ತದೆ, ತೆಳುವಾದ ಒಂದು ಪದರ ಬಣ್ಣವನ್ನೂ ತಡೆಯುತ್ತದೆ. ಎರಡನೇ ಪದರಕ್ಕೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಪುಟಗಳು ಜಾಸ್ತಿ ಸಿಗುತ್ತವೆ ಅನ್ನೋದು ಅದರ ಲಾಭ. ಗೆರೆಯೇ ಮುಖ್ಯ, ಬಣ್ಣ ಅಲ್ಲೊಂದು ಇಲ್ಲೊಂದು ಅನ್ನುವವರು ಇದನ್ನು ತೆಗೆದುಕೊಳ್ಳಿ.

ಎರಡನೆಯದು ಕೈಯಲ್ಲಿ ಮಾಡಿದ ಹತ್ತಿಯ ಕಾಗದ. ಖಾದಿ ಪೇಪರ್ಸ್ ಹೆಸರಿನಲ್ಲಿ ಹೊರದೇಶದ ಕಲಾವಿದರು ಆಸೆಪಟ್ಟು ಕೊಳ್ಳುವ ಕಾಗದ ತಯಾರಾಗುವುದು ನಮ್ಮ ಕರ್ನಾಟಕದಲ್ಲೇ, ಹತ್ತಿ ಬಟ್ಟೆಯ ಚಿಂದಿಯಿಂದ. ಅದರ ಮೇಲೆ ನೀಲಿ ಬಣ್ಣ ಹರಿಯುವುದನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಆದರೆ ಮೈ ತರಿತರಿ. ಸಣ್ಣ ಮೊನೆಯ ಪೆನ್ನು ತಡವರಿಸುತ್ತದೆ, ಕನ್ನಡದ ಸುರುಳಿಗಳು ಒಡೆದು ಕಾಣುತ್ತವೆ. ಒಣಗೋದಕ್ಕೂ ಸಮಯ ಬೇಕು. ಒಂದೇ ಊರಿನಲ್ಲಿ ವಾರಗಟ್ಟಲೆ ಇದ್ದು ನಿಧಾನವಾಗಿ ಬರೆಯುವವರಿಗೆ ಇದು ಹಬ್ಬ.

ಕೊನೆಗೆ ನಾನು ಒಯ್ದದ್ದು ಜರ್ಮನಿಯ ಹಾನೆಮ್ಯೂಲೆ ಕಂಪನಿಯ 200 ಜಿಎಸ್‌ಎಂ ವಾಟರ್‌ಕಲರ್ ಪುಸ್ತಕ, ಎ5, 60 ಪುಟ. ಪೆನ್ನೂ ಓಡಿತು, ಎರಡು ಪದರ ಬಣ್ಣವೂ ನಿಂತಿತು. ಬೆಲೆ ಜಾಸ್ತಿ, ನಿಜ. ನಮ್ಮಲ್ಲೇ ಸಿಗುವ ಬ್ರಸ್ಟ್ರೋ ಮುಂತಾದ ಕಂಪನಿಗಳ ಪುಸ್ತಕಗಳಲ್ಲೂ 200 ಜಿಎಸ್‌ಎಂ ಅಥವಾ ಅದಕ್ಕಿಂತ ದಪ್ಪ ಸಿಗುತ್ತದೆ. ಸಂಖ್ಯೆ ಒಂದನ್ನೇ ನಂಬಬೇಡಿ. ಕೊನೆಯ ಪುಟದಲ್ಲಿ ಒಂದು ಚಮಚದಷ್ಟು ನೀರು ಬಳಿದು, ಬಣ್ಣ ಹಚ್ಚಿ, ಹಿಂದೆ ತಿರುಗಿಸಿ ನೋಡಿ. ಬಣ್ಣ ಹಿಂಬದಿಗೆ ಇಳಿದಿದ್ದರೆ ಆ ಪುಸ್ತಕದಲ್ಲಿ ಅರ್ಧ ಪುಟಗಳು ನಷ್ಟ ಅಂತಲೇ ಲೆಕ್ಕ.

ಹೊಲಿಗೆ, ಸ್ಪೈರಲ್, ಕಡತ

ಸ್ಪೈರಲ್ ಪುಸ್ತಕ ಪೂರ್ತಿ ಹಿಂದಕ್ಕೆ ಮಡಚುತ್ತದೆ. ನಿಂತು ಬರೆಯಲು ಇದಕ್ಕಿಂತ ಸುಲಭದ್ದು ಇನ್ನೊಂದಿಲ್ಲ. ಟಿಕೆಟ್ಟು, ಎಲೆ ಅಂಟಿಸಿದಾಗ ಪುಸ್ತಕ ಉಬ್ಬಿದರೂ ತಂತಿ ತಡೆದುಕೊಳ್ಳುತ್ತದೆ. ಆದರೆ ಎರಡು ಪುಟ ಸೇರಿಸಿ ಒಂದು ಚಿತ್ರ ಬರೆಯಲು ಆಗುವುದಿಲ್ಲ, ನಡುವೆ ತಂತಿ ಇರುತ್ತದೆ. ಪೆನ್ಸಿಲ್ ಕೆಲಸ ಜಾಸ್ತಿ ಇದ್ದರೆ ಪುಟಗಳು ಒಂದಕ್ಕೊಂದು ಉಜ್ಜಿ ಮಸಿಯಾಗುತ್ತವೆ.

ಹೊಲಿಗೆ ಹಾಕಿದ ಪುಸ್ತಕ ಮೊದಮೊದಲು ಬಿಗಿ ಇರುತ್ತದೆ. ದಿನಾ ಬಿಚ್ಚಿ ಬಿಚ್ಚಿ ಪಳಗಿಸಿದರೆ ಚಪ್ಪಟೆಯಾಗಿ ಮಲಗುತ್ತದೆ. ಹೊರಡುವ ಎರಡು ತಿಂಗಳು ಮೊದಲೇ ಪುಸ್ತಕ ಕೊಳ್ಳಿ, ಅದಕ್ಕೆ ಇದೂ ಒಂದು ಕಾರಣ. ಅಂಟು ಹಾಕಿದ ಪ್ಯಾಡ್ ಮಾತ್ರ ಬೇಡವೇ ಬೇಡ. ಮೂರನೇ ದಿನಕ್ಕೆ ಹಾಳೆ ಕಳಚಿಕೊಳ್ಳುತ್ತದೆ.

ಇನ್ನೊಂದು ಬಗೆ ಇದೆ. ಒಂದೇ ಉದ್ದ ಕಾಗದವನ್ನು ಹಿಂದೆ ಮುಂದೆ ಮಡಚಿ ಮಾಡಿದ ಪುಸ್ತಕ. ಇದು ನಮಗೆ ಹೊಸದೇನೂ ಅಲ್ಲ. ನಮ್ಮ ಹಳೆಯ ಕಡತಗಳು ಹೀಗೇ ಇದ್ದವು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು, ಮಡಚಿ, ಅದರ ಮೇಲೆ ಬಳಪದಲ್ಲಿ ಲೆಕ್ಕಪತ್ರ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸ ಓದುವವರಿಗೆಲ್ಲ ಗೊತ್ತು. ಈಗ ಆ ಮಾತು ಆಫೀಸ್ ಫೈಲಿಗೆ ನಿಂತುಹೋಗಿದೆ, ಆದರೆ ಮೂಲ ಕಡತ ಈ ಮಡಿಕೆ ಪುಸ್ತಕವೇ. ಜಪಾನಿನಲ್ಲೂ ದೇವಸ್ಥಾನಗಳಲ್ಲಿ ಇಂಥದ್ದೇ ಪುಸ್ತಕ ನೋಡಿ ನನಗೆ ತುಂಬಾ ಖುಷಿಯಾಯಿತು. ಅದರ ವಿಷಯ ಮುಂದೆ ಹೇಳುತ್ತೇನೆ.

ಚಿತ್ರಕ್ಕೆ ಈ ಮಡಿಕೆ ಪುಸ್ತಕ ಹೇಗೆ? ನದಿ ದಂಡೆ, ಬೆಟ್ಟದ ಸಾಲು, ಒಂದು ಇಡೀ ಬೀದಿ ಬರೆಯಲು ಬಹಳ ಚೆನ್ನ. ಕ್ಯೋಟೊದ ಕಾಮೊ ನದಿಯ ದಂಡೆಯಲ್ಲಿ ಹೀಗೊಂದು ಬರೆದೆ. ಗಾಳಿ ಬಂದಾಗ ಮಾತ್ರ ತಂಗಿ ಇನ್ನೊಂದು ತುದಿ ಹಿಡಿದುಕೊಳ್ಳಬೇಕಾಯಿತು. ಒಬ್ಬರೇ ಹೋಗುವವರು ಇದನ್ನು ಮುಖ್ಯ ಪುಸ್ತಕ ಮಾಡಿಕೊಳ್ಳಬೇಡಿ. ಕಾರ್ಡ್‌ಶೀಟ್ ಕತ್ತರಿಸಿ ಮನೆಯಲ್ಲೇ ಪುಟ್ಟದೊಂದು ಮಾಡಿಕೊಂಡು ಜೊತೆಗಿಟ್ಟುಕೊಳ್ಳಿ.

ಪೆನ್ನು

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ. ಗೆರೆ ಎಳೆದು ಒಂದು ನಿಮಿಷ ಬಿಟ್ಟು ನೀರು ಹಚ್ಚಿದರೆ ಕದಡುತ್ತದೋ ಇಲ್ಲವೋ?

ನಮ್ಮ ಜೆಲ್ ಪೆನ್ನುಗಳಲ್ಲಿ ಹೆಚ್ಚಿನವು ಕದಡುತ್ತವೆ. ಸಾಮಾನ್ಯ ಬಾಲ್‌ಪೆನ್ ಇಂಕು ಎಣ್ಣೆಯದ್ದು, ಹಾಗಾಗಿ ನೀರಿಗೆ ಬಹಳಮಟ್ಟಿಗೆ ಅಲ್ಲಾಡುವುದಿಲ್ಲ. ಹತ್ತು ರೂಪಾಯಿಯ ಬಾಲ್‌ಪೆನ್ನಿನಲ್ಲಿ ಬರೆದು ಮೇಲೆ ಬಣ್ಣ ಹಚ್ಚಿ ನೋಡಿ, ಆಶ್ಚರ್ಯವಾಗುತ್ತದೆ. ಒತ್ತಿದರೆ ಕಪ್ಪು, ಬಿಟ್ಟರೆ ತಿಳಿ, ಪೆನ್ಸಿಲ್ಲಿನ ಗುಣವೂ ಇದೆ. ಖರ್ಚು ಬೇಡ ಅನ್ನುವವರಿಗೆ ಇದಕ್ಕಿಂತ ಒಳ್ಳೆಯದು ಕಾಣೆ.

ಸಕುರಾ ಕಂಪನಿಯ ಪಿಗ್ಮಾ ಮೈಕ್ರಾನ್, ಯೂನಿ ಪಿನ್ ಇವುಗಳ ಶಾಯಿ ಒಣಗಿದ ಮೇಲೆ ನೀರಿಗೆ ಕರಗುವುದಿಲ್ಲ. ಮೈಕ್ರಾನಿನ 01 ಅಂದರೆ 0.25 ಮಿಲಿಮೀಟರ್ ಗೆರೆ, 05 ಅಂದರೆ 0.45. ಕನ್ನಡ ಬರೆಯಲು 01, ಚಿತ್ರಕ್ಕೆ 05, ನನಗೆ ಈ ಎರಡೇ ಸಾಕಾಯಿತು. ಒಂದು ತೊಂದರೆ ಇದೆ. ತರಿ ಕಾಗದದ ಮೇಲೆ ಒತ್ತಿ ಬರೆದರೆ ಮೊನೆ ಒಳಗೆ ಹೋಗಿಬಿಡುತ್ತದೆ. 05 ಎರಡು ಇಟ್ಟುಕೊಳ್ಳಿ.

ಫೌಂಟನ್ ಪೆನ್ ಪ್ರೀತಿಯವರೂ ಇದ್ದೀರಿ, ಗೊತ್ತು. ಗೆರೆಯ ಜೀವಂತಿಕೆಯಲ್ಲಿ ಅದಕ್ಕೆ ಸಾಟಿಯಿಲ್ಲ. ಪ್ಲಾಟಿನಂ ಕಂಪನಿಯ ಕಾರ್ಬನ್ ಶಾಯಿ ಹಾಕಿದರೆ ನೀರಿಗೂ ನಿಲ್ಲುತ್ತದೆ. ಆದರೆ ಈ ಶಾಯಿ ಪೆನ್ನಿನಲ್ಲಿ ಒಣಗಲು ಬಿಡಬಾರದು, ದಿನಾ ಬರೆಯಬೇಕು. ವಿಮಾನ ಮೇಲೇರುವಾಗ ಪೆನ್ನಿನೊಳಗಿನ ಗಾಳಿ ಹಿಗ್ಗಿ ಶಾಯಿಯನ್ನು ಹೊರಗೆ ತಳ್ಳುತ್ತದೆ. ಪೂರ್ತಿ ತುಂಬಿಸಿ ಇಲ್ಲವೇ ಪೂರ್ತಿ ಖಾಲಿ ಮಾಡಿ, ನಿಬ್ಬು ಮೇಲಿರುವಂತೆ ಇಟ್ಟುಕೊಳ್ಳಿ. ಅರ್ಧ ತುಂಬಿದ ಪೆನ್ನೇ ಸೋರುವುದು.

ಪೆನ್ಸಿಲ್ ಅಂತೂ ಇರಲೇಬೇಕು. ತುಂಬಾ ಮ್ಯೂಸಿಯಂಗಳಲ್ಲಿ ಪೆನ್ನಿಗೂ ಬಣ್ಣಕ್ಕೂ ಅನುಮತಿ ಇರುವುದಿಲ್ಲ, ಪೆನ್ಸಿಲ್ ಒಂದೇ. ವಿಶೇಷ ಪ್ರದರ್ಶನಗಳಲ್ಲಿ ಅದಕ್ಕೂ ಬೇಡ ಅನ್ನುವುದುಂಟು, ಬಾಗಿಲಲ್ಲೇ ಕೇಳಿಕೊಳ್ಳಿ.

ಬಣ್ಣ: ಡಬ್ಬಿಯೋ, ಪೆನ್ಸಿಲ್ಲೋ?

ಇದರಲ್ಲಿ ನಾನೂ ತಂಗಿಯೂ ಬೇರೆ ಬೇರೆ ದಾರಿ ಹಿಡಿದೆವು. ಅವಳು 12 ಬಣ್ಣದ ಪೆನ್ಸಿಲ್ ತೆಗೆದುಕೊಂಡಳು. ನೀರು ಬೇಡ, ಒಣಗುವ ಕಾಟವಿಲ್ಲ, ರೈಲಿನಲ್ಲೂ ಬರೆಯಬಹುದು, ಮ್ಯೂಸಿಯಂನಲ್ಲಿ ಕೂಡ ಕೆಲವು ಕಡೆ ಬಿಟ್ಟರು. ಆದರೆ ಒಂದು ಆಕಾಶ ತುಂಬಲು ಐದು ನಿಮಿಷ ಬೇಕು, ಕೈ ನೋಯುತ್ತದೆ. ನನ್ನ ಹತ್ತಿರ 12 ಗಟ್ಟಿ ಬಿಲ್ಲೆಗಳ ವಾಟರ್‌ಕಲರ್ ಡಬ್ಬಿ. ಆಕಾಶ ಅರ್ಧ ನಿಮಿಷ. ಆದರೆ ನವೆಂಬರಿನ ಕ್ಯೋಟೊದ ಬೆಳಗಿನ ಚಳಿಯಲ್ಲಿ ಅದು ಒಣಗುವವರೆಗೆ ಪುಸ್ತಕ ಮುಚ್ಚುವಂತಿಲ್ಲ. ಮೈಸೂರಿನ ಮಾರ್ಚ್ ಬಿಸಿಲಲ್ಲಿ ಎರಡು ನಿಮಿಷಕ್ಕೆ ಒಣಗುವ ಪುಟ ಅಲ್ಲಿ ಹತ್ತು ನಿಮಿಷವಾದರೂ ಹಸಿ. ಪುಸ್ತಕ ಬಿಚ್ಚಿ ಹಿಡಿದುಕೊಂಡೇ ನಡೆದದ್ದೂ ಇದೆ.

ಎರಡರ ನಡುವಿನದ್ದು ವಾಟರ್‌ಕಲರ್ ಪೆನ್ಸಿಲ್. ಅಲ್ಲಿ ಗೀಚಿ, ರಾತ್ರಿ ಹೋಟೆಲಿನಲ್ಲಿ ಒದ್ದೆ ಬ್ರಷ್ ಆಡಿಸಿದರೆ ಬಣ್ಣ ಕರಗುತ್ತದೆ. ಮಕ್ಕಳ ಜೊತೆ ಹೋಗುವವರಿಗೆ, ಗುಂಪಿನ ಜೊತೆ ಓಡುವವರಿಗೆ ನಾನು ಹೇಳುವುದು ಇದನ್ನೇ. ಟ್ಯೂಬುಗಳನ್ನು ಮಾತ್ರ ಬಿಡಿ. ವಿಮಾನದ ಭದ್ರತಾ ತಪಾಸಣೆಯಲ್ಲಿ ಅವು ದ್ರವದ ಲೆಕ್ಕಕ್ಕೆ ಸೇರುತ್ತವೆ, ಗಟ್ಟಿ ಬಿಲ್ಲೆ ಸೇರುವುದಿಲ್ಲ.

ಡಬ್ಬಿ ಕೊಳ್ಳುವವರಿಗೆ: ಕ್ಯಾಮೆಲ್‌ನ ವಿದ್ಯಾರ್ಥಿಗಳ ಬಿಲ್ಲೆ ಡಬ್ಬಿ ಅಭ್ಯಾಸಕ್ಕೆ ಸಾಕು. ಸಕುರಾ ಕೊಯ್ ಪಾಕೆಟ್ ಡಬ್ಬಿಯಲ್ಲಿ ನೀರು ತುಂಬುವ ಬ್ರಷ್ ಜೊತೆಗೇ ಬರುತ್ತದೆ, ಮುಚ್ಚಳದಲ್ಲೇ ಬಣ್ಣ ಕಲಸಬಹುದು. ವಿನ್ಸರ್ ಅಂಡ್ ನ್ಯೂಟನ್ ಕಂಪನಿಯ ಕಾಟ್‌ಮನ್ ಪಾಕೆಟ್ ಡಬ್ಬಿಯಲ್ಲಿ 12 ಅರ್ಧ ಬಿಲ್ಲೆಗಳು. ಬಿಲ್ಲೆ ಮುಗಿದರೆ ಅದೊಂದನ್ನೇ ಬದಲಿಸಬಹುದು, ಹಾಗಾಗಿ ನನ್ನ ಮತ ಅದಕ್ಕೆ.

ಬಣ್ಣಗಳನ್ನೂ ಊರು ನೋಡಿ ಜೋಡಿಸಿಕೊಳ್ಳಬೇಕು. ಕ್ಯೋಟೊದ ಫುಷಿಮಿ ಇನಾರಿ ದೇವಸ್ಥಾನದಲ್ಲಿ ಸಾಲುಸಾಲು ತೋರಿಗಳು, ಅಂದರೆ ಕಮಾನಿನಂಥ ಹೆಬ್ಬಾಗಿಲುಗಳು. ಅವುಗಳ ಬಣ್ಣ ಅಂದರೆ ನಮ್ಮ ಆಂಜನೇಯನಿಗೆ ಬಳಿಯುವ ಸಿಂಧೂರವೇ. ಡಬ್ಬಿಯಲ್ಲಿರುವ ಗುಲಾಬಿಗೆ ವಾಲುವ ಕೆಂಪಿನಿಂದ ಅದು ಬರುವುದಿಲ್ಲ. ಕಿತ್ತಳೆಗೆ ವಾಲುವ ಕೆಂಪು ಬೇಕು. ನಾನು ಮನೆಯಲ್ಲೇ ಕುಂಕುಮ, ಸಿಂಧೂರ, ಅರಿಸಿನ ಮೂರನ್ನೂ ಪಕ್ಕಪಕ್ಕ ಇಟ್ಟು ಬಣ್ಣ ಕಲಸಿ ಒಂದು ಪುಟ ಮಾಡಿಕೊಂಡಿದ್ದೆ. ಟೋಕಿಯೊದ ಗಿಂಕ್ಗೊ ಮರಗಳ ಹಳದಿಗೆ ಅರಿಸಿನದ ಪುಟ, ಮೇಪಲ್ ಎಲೆಗೆ ಕುಂಕುಮದ ಪುಟ. ಅಲ್ಲಿ ನಿಂತು ಯೋಚಿಸುವ ಕೆಲಸವೇ ಉಳಿಯಲಿಲ್ಲ. ಕೇರಳಕ್ಕೋ ಬಾಲಿಗೋ ಹೋಗುವವರಾದರೆ ಹಸಿರಿನ ಪುಟ ಮಾಡಿಕೊಳ್ಳಿ.

ಬ್ರಷ್ ಒರೆಸಲು ಟಿಶ್ಯೂ ಬೇಡ. ಜಪಾನಿನ ಬೀದಿಗಳಲ್ಲಿ ಕಸದ ಡಬ್ಬಿ ಸಿಗುವುದೇ ಅಪರೂಪ, ಇಡೀ ದಿನ ಒದ್ದೆ ಟಿಶ್ಯೂ ಚೀಲದಲ್ಲಿ ಹೊರಬೇಕು. ಹಳೆಯ ಪಂಚೆಯ ಒಂದು ಅಂಗೈಯಗಲ ತುಂಡು ಸಾಕು. ನೀರು ಹೀರುತ್ತದೆ, ಬೇಗ ಒಣಗುತ್ತದೆ. ಪೆನ್ಸಿಲ್ ಚೂರುಗಳಿಗೆ ಒಂದು ಪುಟ್ಟ ಡಬ್ಬಿ.

ಮುದ್ರೆ, ಟಿಕೆಟ್ಟು, ಅಂಟಿಸುವ ಕಾಗದ

ಜಪಾನಿಗೆ ಹೋಗುವವರಿಗೆ ಇದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅಲ್ಲಿ ನೂರಾರು ರೈಲು ನಿಲ್ದಾಣಗಳಲ್ಲಿ ರಬ್ಬರ್ ಮುದ್ರೆ ಇಟ್ಟಿರುತ್ತಾರೆ. ಎಕಿ ಸ್ಟಾಂಪ್ ಅನ್ನುತ್ತಾರೆ, ಎಕಿ ಅಂದರೆ ನಿಲ್ದಾಣ. 1931ರಲ್ಲಿ ಫುಕುಯಿ ನಿಲ್ದಾಣದಲ್ಲಿ ಶುರುವಾದ ಪದ್ಧತಿ. ಆ ಊರಿನ ದೇವಸ್ಥಾನವೋ ಹೂವೋ ಸೇತುವೆಯೋ ಅದರಲ್ಲಿ ಕೊರೆದಿರುತ್ತದೆ. ದುಡ್ಡು ಕೊಡಬೇಕಿಲ್ಲ, ನಮ್ಮ ಪುಸ್ತಕದಲ್ಲಿ ನಾವೇ ಒತ್ತಿಕೊಳ್ಳಬಹುದು. ಟೋಕಿಯೊದ ಯಾಮಾನೊತೆ ಮಾರ್ಗದ 30 ನಿಲ್ದಾಣಗಳಲ್ಲೂ ಒಂದೊಂದಿದೆ. ನಯವಾದ ಕಾಗದದಲ್ಲಿ ಮುದ್ರೆ ಸ್ಪಷ್ಟವಾಗಿ ಕೂರುತ್ತದೆ, ತರಿ ಕಾಗದದಲ್ಲಿ ಅಲ್ಲಲ್ಲಿ ಬಿಟ್ಟುಹೋಗುತ್ತದೆ. ಶಾಯಿ ಒಣಗಲು ಹೊತ್ತು ಹಿಡಿಯುತ್ತದೆ, ಪುಟದ ನಡುವೆ ಇಡಲು ಒಂದು ತುಂಡು ಕಾಗದ ಇರಲಿ. ನಾನು ಪ್ರತಿ ಊರಿನ ಪುಟದಲ್ಲೂ ಮುದ್ರೆಗೆ ಅಂತ ಒಂದು ಮೂಲೆ ಖಾಲಿ ಬಿಟ್ಟಿದ್ದೆ.

ದೇವಸ್ಥಾನಗಳಲ್ಲಿ ಸಿಗುವ ಗೊಶುಇನ್ ಬೇರೆ. ಕೆಂಪು ಮುದ್ರೆ ಒತ್ತಿ, ಅದರ ಮೇಲೆ ಕುಂಚದಲ್ಲಿ ಕೈಯಾರೆ ಬರೆದು ಕೊಡುತ್ತಾರೆ. ಸಾಮಾನ್ಯವಾಗಿ 300ರಿಂದ 500 ಯೆನ್. ಇದು ದರ್ಶನದ ಗುರುತು, ಪ್ರವಾಸದ ಸ್ಟಾಂಪ್ ಅಲ್ಲ. ಸ್ಕೆಚ್‌ಬುಕ್ ಮುಂದಿಟ್ಟರೆ ಬರೆದುಕೊಡಲು ಒಪ್ಪದೆ ಇರಬಹುದು, ಅದು ಅವರ ಗೌರವದ ವಿಷಯ. ಅದಕ್ಕೇ ಅಂತ ಗೊಶುಇನ್‌ಚೋ ಎಂಬ ಪುಸ್ತಕ ಅಲ್ಲೇ ಮಾರುತ್ತಾರೆ. ಬಿಚ್ಚಿ ನೋಡಿದರೆ ಮಡಿಕೆ ಮಡಿಕೆ, ನಮ್ಮ ಕಡತದ ಹಾಗೇ! ಇದನ್ನು ಬೇರೆಯಾಗಿಯೇ ಕೊಳ್ಳಿ, ಎರಡನ್ನೂ ಬೆರೆಸಬೇಡಿ.

ರೈಲಿನ ಕಾಗದದ ಟಿಕೆಟ್ಟನ್ನು ಹೊರಗೆ ಬರುವ ಗೇಟು ನುಂಗಿಬಿಡುತ್ತದೆ. ಬೇಕೆಂದರೆ ಸಿಬ್ಬಂದಿ ಇರುವ ಕಿಟಕಿಗೆ ಹೋಗಿ ಕೇಳಿ, ರದ್ದು ಮುದ್ರೆ ಒತ್ತಿ ವಾಪಸ್ ಕೊಡುತ್ತಾರೆ. ಅಂಗಡಿ ಬಿಲ್ಲುಗಳನ್ನು ಅಂಟಿಸಬೇಡಿ. ಅವು ಶಾಖಕ್ಕೆ ಕಪ್ಪಾಗುವ ಕಾಗದ, ಒಂದೆರಡು ವರ್ಷದಲ್ಲಿ ಅಕ್ಷರ ಮಾಯ. ಬೇಕಾದ ಸಾಲನ್ನು ಕೈಯಲ್ಲಿ ಬರೆದುಕೊಳ್ಳಿ. ಅಂಟಿಸಲು ಗ್ಲೂ ಸ್ಟಿಕ್ ಗಟ್ಟಿ, ಆದರೆ ತೆಗೆದು ಬೇರೆ ಕಡೆ ಹಾಕಲು ಆಗದು. ವಾಶಿ ಟೇಪ್, ಅಂದರೆ ಜಪಾನಿನ ಕಾಗದದ ಟೇಪ್, ಹಗುರ, ಕಿತ್ತು ಮತ್ತೆ ಅಂಟಿಸಬಹುದು. ಪ್ರವಾಸದಲ್ಲಿ ಟೇಪ್, ಊರಿಗೆ ಬಂದ ಮೇಲೆ ಅಂಟು.

ಹಾಂ, ನಾರಾದ ಜಿಂಕೆಗಳ ಹತ್ತಿರ ಪುಸ್ತಕ ಜೋಪಾನ. ಅವಕ್ಕೆ ಕಾಗದ ಕಂಡರೆ ಆಸೆ. ಕೈಯಲ್ಲಿದ್ದ ನಕ್ಷೆಯ ಒಂದು ಮೂಲೆ ನಮ್ಮ ಕಣ್ಣೆದುರೇ ಹೋಯಿತು.

ಟ್ಯಾಬ್ಲೆಟ್ ಸಾಲದೇ?

ಸಾಲುತ್ತದೆ, ಐಪ್ಯಾಡಿನಲ್ಲಿ ಈಗಾಗಲೇ ದಿನಾ ಬರೆಯುವವರಿಗೆ. ಚಿತ್ರ ಬರೆಯುವ ಪ್ರೊಕ್ರಿಯೇಟ್ ಆ್ಯಪ್ ಒಂದೇ ಸಲ ಕೊಂಡರೆ ಆಯಿತು, ಬಣ್ಣ ಮುಗಿಯುವುದಿಲ್ಲ, ಒಣಗಿಸಬೇಕಿಲ್ಲ. ಕತ್ತಲಲ್ಲೂ ಬರೆಯಬಹುದು. ಇದು ಸಣ್ಣ ಮಾತಲ್ಲ, ನವೆಂಬರ್ ಕೊನೆಗೆ ಟೋಕಿಯೊದಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ. ಆದರೆ ಬಿಸಿಲಲ್ಲಿ ಪರದೆ ಹೊಳೆಯುತ್ತದೆ, ಬ್ಯಾಟರಿ ನೋಡಿಕೊಳ್ಳಬೇಕು, ಮುದ್ರೆ ಒತ್ತಲು ಆಗುವುದಿಲ್ಲ. ಪ್ರವಾಸಕ್ಕಾಗಿ ಹೊಸದಾಗಿ ಕಲಿಯಲು ಮಾತ್ರ ಹೋಗಬೇಡಿ.

ಹೊರಡುವ ಮುಂಚಿನ ವಾರಗಳು

ಸಾಮಾನು ಆರಿಸಿದ ಮೇಲೆ ಅಭ್ಯಾಸ ಯಾವುದರದ್ದು? ನನ್ನ ಅನುಭವದಲ್ಲಿ ಎರಡು ದಾರಿ. ಹೋಗುವ ಜಾಗದ ಫೋಟೊ ನೋಡಿ ಬರೆಯುವುದು ಒಂದು, ನಮ್ಮೂರನ್ನೇ ಎದುರು ನಿಂತು ಬರೆಯುವುದು ಇನ್ನೊಂದು. ಮೊದಲನೆಯದರಿಂದ ಆಕಾರ ಕೈಗೆ ಕೂರುತ್ತದೆ. ಜಪಾನಿನ ದೇವಸ್ಥಾನದ ಮಾಡು ತುದಿಯಲ್ಲಿ ಮೇಲಕ್ಕೆ ಬಾಗುವ ರೀತಿ ನನಗೆ ಆರು ಸಲ ಬರೆದ ಮೇಲೇ ಬಂದದ್ದು. ಆದರೆ ಫೋಟೊ ಅಲ್ಲಾಡುವುದಿಲ್ಲ, ಜನ ಬಗ್ಗಿ ನೋಡುವುದಿಲ್ಲ. ಆ ಧೈರ್ಯ ಬರುವುದು ಮಾರ್ಕೆಟ್ಟಿನಲ್ಲಿ ನಿಂತು ಬರೆದರೆ ಮಾತ್ರ. ವಾರಕ್ಕೆ ಒಂದು ಫೋಟೊ, ಎರಡು ಎದುರಿನ ಚಿತ್ರ, ಈ ಅಳತೆಯಲ್ಲಿ ಮಾಡಿ. ಒಬ್ಬರೇ ನಿಲ್ಲಲು ಸಂಕೋಚವಾದರೆ ಭಾನುವಾರ ಒಟ್ಟಾಗಿ ಕೂತು ಬರೆಯುವ ಗುಂಪುಗಳಿವೆ. ಅಮೆರಿಕದ ಸಿಯಾಟಲ್‌ನಲ್ಲಿ 2007ರಲ್ಲಿ ಶುರುವಾದ ಅರ್ಬನ್ ಸ್ಕೆಚರ್ಸ್ ಈಗ ಲೋಕದ ತುಂಬಾ ಇದೆ, ಬೆಂಗಳೂರಿನಲ್ಲೂ ಇದೆ.

ಕೆಲವು ಪುಟಗಳ ಚೌಕಟ್ಟನ್ನು ಮನೆಯಲ್ಲೇ ಹಾಕಿಟ್ಟುಕೊಳ್ಳಬಹುದು. ಟೋಕಿಯೊದಿಂದ ಕ್ಯೋಟೊಗೆ ಶಿಂಕಾನ್‌ಸೆನ್ ರೈಲಿನಲ್ಲಿ ಎರಡೂಕಾಲು ಗಂಟೆ. ಹೋಗುವಾಗ ಬಲಗಡೆ, ಮುಕ್ಕಾಲು ಗಂಟೆಯ ಹೊತ್ತಿಗೆ ಫ್ಯೂಜಿ ಪರ್ವತ. ಕಾಣುವುದು ಕೆಲವೇ ನಿಮಿಷ. ಸಾಮಾನ್ಯ ಬೋಗಿಯಲ್ಲಿ ಆ ಕಡೆಯ ಕಿಟಕಿ ಪಕ್ಕದ ‘ಇ’ (E) ಸೀಟು ಹಿಡಿಯಿರಿ. ನಾನು ಕಿಟಕಿಯ ಚೌಕಟ್ಟು, ಕೆಳಗೆ ತಾರೀಖಿನ ಜಾಗ ಎಲ್ಲ ಮೈಸೂರಿನಲ್ಲೇ ಬರೆದಿಟ್ಟಿದ್ದೆ. ಪರ್ವತ ಬಂದಾಗ ಗೆರೆ ಎಳೆಯುವುದೊಂದೇ ಬಾಕಿ.

ಕೊನೆಯ ತಯಾರಿ ಪುಟದಲ್ಲಿ ಒಂದು ವಾಕ್ಯ ಬರೆದುಕೊಂಡಿದ್ದೆ. ಜಪಾನಿ ಉಚ್ಚಾರಣೆ ಕನ್ನಡ ಲಿಪಿಯಲ್ಲಿ ಚೆನ್ನಾಗಿ ಕೂರುತ್ತದೆ: ಸುಕೆಚ್ಚಿ ಶಿತೆಮೊ ಈ ದೆಸ್ ಕಾ? ಸ್ಕೆಚ್ ಮಾಡಬಹುದಾ ಅಂತ ಅರ್ಥ. ಅಂಗಡಿ ಮುಂದೆ, ದೇವಸ್ಥಾನದ ಅಂಗಳದಲ್ಲಿ ಇದನ್ನು ಕೇಳಿ, ದಾರಿ ಬಿಟ್ಟು ಬದಿಗೆ ನಿಂತು ಬರೆಯಿರಿ.

ಕಟ್ಟರ್, ಕತ್ತರಿ ದೊಡ್ಡ ಸೂಟ್‌ಕೇಸಿಗೆ. ಪುಸ್ತಕ, ಪೆನ್ನು, ಬಣ್ಣದ ಡಬ್ಬಿ ಕೈಚೀಲಕ್ಕೆ. ಹೊರಡುವ ರಾತ್ರಿ ನೀರಿನ ಬ್ರಷ್ ಖಾಲಿ ಮಾಡಿ, ಒಣಗಿಸಿ ಇಡಿ. ತಪಾಸಣೆ ದಾಟಿದ ಮೇಲೆ ಕುಡಿಯುವ ನೀರಿನ ನಲ್ಲಿಯಲ್ಲಿ ಮತ್ತೆ ತುಂಬಿಸಿಕೊಳ್ಳಿ. ಗೇಟು ತೆರೆಯಲು ಇನ್ನೂ ಅರ್ಧ ಗಂಟೆ ಇರುತ್ತದೆ. 15ನೇ ಪುಟ ಅಲ್ಲೇ ಬರೆಯಬಹುದು.